ಮುಂಬೈ ದುಡ್ಡು, ಬೆಂಗಳೂರಿನ ಕಾರ್ಖಾನೆ, ಪರದೇಶದ ಎಂಜಿನ್: ಮಹಾಯುದ್ಧ ಕಲಿಸಿದ ಪಾಠಕ್ಕೆ 85 ವರ್ಷ

ಮುಂಬೈ: ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗಾಗಿ 113 ಎಂಜಿನ್ ಖರೀದಿಸಲು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) 2025ರ ನವೆಂಬರ್ 7ರಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಜತೆ ಒಪ್ಪಂದ ಮಾಡಿಕೊಂಡಿತು. ಇವುಗಳ ಪೂರೈಕೆ 2027ರಲ್ಲಿ ಶುರುವಾಗಿ 2032ರ ತನಕ ನಡೆಯಬೇಕು. ಇದಕ್ಕೂ ಮೊದಲು 2021ರಲ್ಲಿ ಆರ್ಡರ್ ಕೊಟ್ಟಿದ್ದ 99 ಎಂಜಿನ್‌ಗಳ ಪೈಕಿ ಮೊದಲನೆಯದು ಕೈಗೆ ಬಂದದ್ದೇ 2025ರ ಮಾರ್ಚ್‌ನಲ್ಲಿ.

ಎಂಜಿನ್ ತಡವಾದರೆ ವಿಮಾನ ತಡ. ವಿಮಾನ ತಡವಾದರೆ ವಾಯುಪಡೆಯ ಸ್ಕ್ವಾಡ್ರನ್ ಖಾಲಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದ ಮೇಲೆ ವಾಯುಪಡೆಯಲ್ಲಿ ಉಳಿದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 29. ಮಂಜೂರಾದ ಸಂಖ್ಯೆ 42. ವಿದಾಯದ ಹಿಂದಿನ ದಿನವಷ್ಟೇ 62,370 ಕೋಟಿ ರೂಪಾಯಿ ವೆಚ್ಚದಲ್ಲಿ 97 ತೇಜಸ್ ಖರೀದಿಗೆ ರಕ್ಷಣಾ ಸಚಿವಾಲಯ ಸಹಿ ಹಾಕಿತ್ತು. ದುಡ್ಡಿಗೆ ಕೊರತೆ ಇಲ್ಲ, ಕಾರ್ಖಾನೆ ಇದೆ, ಪೈಲಟ್‌ಗಳಿದ್ದಾರೆ. ವಿಮಾನದ ಹೃದಯವಾದ ಎಂಜಿನ್ ಮಾತ್ರ ಹೊರಗಿನಿಂದ ಬರಬೇಕು.

ಈ ಪರಿಸ್ಥಿತಿ ಹೊಸದಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ಭಾರತದ ಆಕಾಶದ ಕಥೆ ಹೆಚ್ಚೂಕಡಿಮೆ ಹೀಗೇ ಇತ್ತು. ಆ ಕಥೆಯ ಬಹುಪಾಲು ನಡೆದದ್ದು ಮುಂಬೈಯಲ್ಲಿ. ಅದರ ಒಂದು ಕವಲು ಸೀದಾ ಮೈಸೂರು ಸಂಸ್ಥಾನಕ್ಕೆ ಬಂದು ಎಚ್‌ಎಎಲ್ ಆಗಿ ನಿಂತಿತು.

ಮೊದಲ ಯುದ್ಧ: ಆಳು ನಮ್ಮವರು, ವಿಮಾನ ಅವರದು

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ವಿಮಾನವನ್ನು ಹೆಚ್ಚಿನವರು ಆಯುಧವೆಂದು ಪರಿಗಣಿಸಿರಲಿಲ್ಲ. ಶತ್ರು ಸೈನ್ಯ ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ಮೇಲಿನಿಂದ ನೋಡಿ ಬರುವುದೇ ಅದರ ಮುಖ್ಯ ಕೆಲಸವಾಗಿತ್ತು. ಒಂದು ವರ್ಷದೊಳಗೆ ಚಿತ್ರ ಬದಲಾಯಿತು. ತಿರುಗುವ ಪ್ರೊಪೆಲ್ಲರ್‌ನ ನಡುವೆಯೇ ಗುಂಡು ಹಾರಿಸಬಲ್ಲ ವ್ಯವಸ್ಥೆಯನ್ನು 1915ರಲ್ಲಿ ಜರ್ಮನಿಯ ಫೋಕರ್ ವಿಮಾನಗಳಲ್ಲಿ ಅಳವಡಿಸಿದ ಮೇಲೆ ಆಕಾಶದಲ್ಲೇ ಕಾದಾಟ ಶುರುವಾಯಿತು. 1917ರ ಹೊತ್ತಿಗೆ ಜರ್ಮನ್ ಬಾಂಬರ್‌ಗಳು ಲಂಡನ್ ಮೇಲೆ ಬಾಂಬ್ ಹಾಕುತ್ತಿದ್ದವು. 1918ರ ಏಪ್ರಿಲ್ 1ರಂದು ಬ್ರಿಟನ್ ತನ್ನ ವಾಯುಪಡೆಯನ್ನು ಭೂಸೇನೆ, ನೌಕಾಪಡೆಗಳಿಂದ ಬೇರ್ಪಡಿಸಿ ಸ್ವತಂತ್ರ ಪಡೆಯನ್ನಾಗಿ ಮಾಡಿತು.

ಆ ಯುದ್ಧದಲ್ಲಿ ಬ್ರಿಟಿಷ್ ವಿಮಾನ ಹಾರಿಸಿದ ಭಾರತೀಯರು ಬೆರಳೆಣಿಕೆಯಷ್ಟು. ಕೆಲವೇ ದಿನಗಳಲ್ಲಿ 10 ಶತ್ರು ವಿಮಾನಗಳನ್ನು ಹೊಡೆದುರುಳಿಸಿ 1918ರ ಜುಲೈ 22ರಂದು ಮಡಿದ ಕಲ್ಕತ್ತೆಯ ಇಂದ್ರಲಾಲ್ ರಾಯ್ ಹೆಸರು ಹಲವರಿಗೆ ಗೊತ್ತು. ಬದುಕುಳಿದು ಮುಂದೆ ರಾಜತಾಂತ್ರಿಕರಾದ ಹರ್ದಿತ್ ಸಿಂಗ್ ಮಲಿಕ್ ಅವರೂ ಪರಿಚಿತರೇ. ಆದರೆ ಮುಂಬೈಯ ಶ್ರೀಕೃಷ್ಣ ವೆಲಿಂಕರ್ ಹೆಸರು ಅವರ ಊರಿನಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲ. ಡಾಲ್ಫಿನ್ ಯುದ್ಧವಿಮಾನ ಹಾರಿಸುತ್ತಿದ್ದ ಅವರು 1918ರ ಜೂನ್ ಕೊನೆಯಲ್ಲಿ ಫ್ರಾನ್ಸ್‌ನ ರಣರಂಗದಲ್ಲಿ ಪ್ರಾಣ ಕಳೆದುಕೊಂಡರು. ಅಂದು ಭಾರತಕ್ಕೆ ಸ್ವಂತ ವಾಯುಪಡೆಯೇ ಇರಲಿಲ್ಲ. ಅದು ಹುಟ್ಟಿದ್ದು 14 ವರ್ಷಗಳ ನಂತರ, 1932ರ ಅಕ್ಟೋಬರ್ 8ರಂದು. ಮರುವರ್ಷ ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ಕೆಲಸ ಆರಂಭಿಸಿದಾಗ ಅದರ ಬಳಿ ಇದ್ದದ್ದು ನಾಲ್ಕೇ ನಾಲ್ಕು ಹಳೆಯ ವಾಪಿಟಿ ವಿಮಾನಗಳು.

ಜುಹುವಿನಿಂದ ಬಳ್ಳಾರಿಗೆ

ಯುದ್ಧ ಮುಗಿದಾಗ ಯುರೋಪಿನಲ್ಲಿ ಕೆಲಸವಿಲ್ಲದ ಪೈಲಟ್‌ಗಳು ಸಾವಿರಾರು ಮಂದಿ ಉಳಿದರು. ನಾಗರಿಕ ವಿಮಾನಯಾನ ಬೆಳೆದದ್ದು ಇಂಥವರ ಬಲದ ಮೇಲೆ. ಮುಂಬೈ ಇದಕ್ಕೆ ಹೊರತಲ್ಲ. 1928ರಲ್ಲಿ ಜುಹು ಕಡಲತೀರದ ಪಕ್ಕದಲ್ಲಿ ವಿಮಾನ ನಿಲ್ದಾಣ ತಲೆ ಎತ್ತಿತು. 1929ರ ಫೆಬ್ರುವರಿಯಲ್ಲಿ ಜೆ.ಆರ್‌.ಡಿ. ಟಾಟಾ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದರು. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಅಂಚೆ ಹೊತ್ತ ಪುಟ್ಟ ವಿಮಾನವನ್ನು ಜುಹುವಿಗೆ ತಂದಿಳಿಸಿದರು.

ಅಲ್ಲಿಂದ ಅಂಚೆಯನ್ನು ಬಳ್ಳಾರಿ ಮೂಲಕ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ದುಡಿದಿದ್ದ ಈ ಪೈಲಟ್ಟೇ ಟಾಟಾ ವಿಮಾನ ಸಂಸ್ಥೆಯ ಯೋಜನೆಯನ್ನು ಮುಂದಿಟ್ಟವರು. ಹಾಗಾಗಿ ಇಂದಿನ ಏರ್ ಇಂಡಿಯಾದ ಚರಿತ್ರೆಯ ಮೊದಲ ಪುಟದಲ್ಲೇ ಕರ್ನಾಟಕದ ಒಂದು ಊರೂ, ಸೇನೆಯಿಂದ ಬಂದ ಒಬ್ಬ ಪೈಲಟ್ಟೂ ಇದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಟಾಟಾ ಸಮೂಹ ಪುಣೆಯಲ್ಲಿ ಸೇನೆಗಾಗಿ ವಿಮಾನ ತಯಾರಿಸಲು ಹೊರಟಿತು. ಬ್ರಿಟಿಷ್ ಸರಕಾರ ಅದನ್ನು ಕೈಗೂಡಗೊಡಲಿಲ್ಲ. ಆ ಯೋಜನೆಯ ಕೆಲಸಕ್ಕಾಗಿಯೇ ಇಂಗ್ಲೆಂಡಿಗೆ ಹೋಗಿದ್ದ ವಿನ್ಸೆಂಟ್, 1942ರಲ್ಲಿ ಮರಳಿ ಬರುವಾಗ ಅವರಿದ್ದ ವಿಮಾನ ಶತ್ರುಗಳ ದಾಳಿಗೆ ಸಿಕ್ಕಿ ಕಾಣೆಯಾಯಿತು.

ದೇಣಿಗೆ ಕೊಟ್ಟ ನಗರ

ಎರಡನೇ ಮಹಾಯುದ್ಧದಲ್ಲಿ ವಿಮಾನವೇ ಯುದ್ಧದ ಗತಿ ನಿರ್ಧರಿಸತೊಡಗಿತು. 1940ರ ಬೇಸಗೆಯಲ್ಲಿ ಬ್ರಿಟನ್ ಉಳಿದದ್ದು ತನ್ನ ಯುದ್ಧವಿಮಾನಗಳಿಂದ. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಎರಗಿದ್ದು ವಿಮಾನವಾಹಕ ನೌಕೆಗಳಿಂದ. ಅಮೆರಿಕ 1944ರಲ್ಲಿ ಒಂದೇ ವರ್ಷ 96 ಸಾವಿರದಷ್ಟು ವಿಮಾನ ತಯಾರಿಸಿತು. ಭಾರತದಂಥ ವಸಾಹತುಗಳು ಮಾಡಬಹುದಾಗಿದ್ದದ್ದು ಒಂದೇ: ಹಣ ಕೂಡಿಸಿ ಕೊಡುವುದು.

ಮುಂಬೈ ಅದನ್ನು ಧಾರಾಳವಾಗಿಯೇ ಮಾಡಿತು. ‘ಬಾಂಬೆ ವಾರ್ ಗಿಫ್ಟ್ಸ್ ಫಂಡ್’ ಹೆಸರಿನಲ್ಲಿ ಸಂಗ್ರಹವಾದ ದೇಣಿಗೆಯಿಂದ 1941ರಲ್ಲಿ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ಗೆ 12 ಲೈಸಾಂಡರ್ ವಿಮಾನಗಳು ದೊರೆತವು. ಬೇಹುಗಾರಿಕೆಗೆಂದು ಮಾಡಿದ ನಿಧಾನಗತಿಯ ವಿಮಾನಗಳಿವು. 1942ರ ಫೆಬ್ರುವರಿಯಲ್ಲಿ ಬರ್ಮಾಕ್ಕೆ ಹೋದ ಸ್ಕ್ವಾಡ್ರನ್ ಲೀಡರ್ ಕರುಣ್ ಕೃಷ್ಣ ಮಜುಂದಾರ್ ಮತ್ತು ಅವರ ತಂಡ ಇವಕ್ಕೇ ಬಾಂಬ್ ಕಟ್ಟಿಕೊಂಡು ಜಪಾನೀಯರ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿತು. ಮುಂಬೈ ನಾಗರಿಕರ ದುಡ್ಡಿನಲ್ಲಿ ಬಂದ, ಆ ಕೆಲಸಕ್ಕೆ ಹೊಂದದ ವಿಮಾನದಲ್ಲಿ ಭಾರತೀಯ ವಾಯುಪಡೆ ತನ್ನ ಮೊದಲ ಹೆಸರು ಗಳಿಸಿತು. ಮಜುಂದಾರ್ ಅವರಿಗೆ ಡಿಎಫ್‌ಸಿ ಶೌರ್ಯ ಪದಕ ಸಿಕ್ಕಿತು.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1941ರಲ್ಲಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ರಚನೆಯಾದ ಬ್ರಿಟಿಷ್ ವಾಯುಪಡೆಯ 129ನೇ ದಳಕ್ಕೆ ‘ಮೈಸೂರು ಸ್ಕ್ವಾಡ್ರನ್’ ಎಂದೇ ಹೆಸರು. ಅದರ ಲಾಂಛನ ಗಂಡಭೇರುಂಡ. ಇಂದು ಕರ್ನಾಟಕ ಸರಕಾರದ ಮುದ್ರೆಯಲ್ಲಿರುವ ಅದೇ ಎರಡು ತಲೆಯ ಹಕ್ಕಿ ಅಂದು ಯುರೋಪಿನ ಆಕಾಶದಲ್ಲಿ ಹಿಟ್ಲರನ ವಿಮಾನಗಳ ವಿರುದ್ಧ ಹೋರಾಡಿತ್ತು. ದುಡ್ಡು, ಹೆಸರು, ಲಾಂಛನ ನಮ್ಮದು. ವಿಮಾನ, ಅದನ್ನು ಎಲ್ಲಿ ಹಾರಿಸಬೇಕೆಂಬ ನಿರ್ಧಾರ ಎರಡೂ ಲಂಡನ್ನಿನದು.

ವಾಲ್‌ಚಂದ್ ಹಾಕಿದ ಲೆಕ್ಕ

ಈ ವ್ಯವಸ್ಥೆಗೆ ಬೇರೆ ಉತ್ತರ ಹುಡುಕಿದವರು ಮುಂಬೈ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕನ್ನಡಿಗರೂ ಸಾಕಷ್ಟು ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಸಿಂಧಿಯಾ ಹಡಗು ಕಂಪನಿ ಕಟ್ಟಿ ಬ್ರಿಟಿಷ್ ಹಡಗು ಕಂಪನಿಗಳನ್ನೇ ಎದುರು ಹಾಕಿಕೊಂಡವರು. 1939ರಲ್ಲಿ ಅಮೆರಿಕದಿಂದ ಮರಳುವಾಗ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಜತೆಯಾದರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ವ್ಯಕ್ತಿ. ಚೀನಾದಲ್ಲಿ ಆಗುವುದಾದರೆ ಭಾರತದಲ್ಲಿ ಏಕಾಗದು ಎಂಬುದು ವಾಲ್‌ಚಂದ್ ಹಾಕಿದ ಲೆಕ್ಕ.

ಬ್ರಿಟಿಷ್ ಸರಕಾರ ಮೊದಮೊದಲು ಆಸಕ್ತಿ ತೋರಲಿಲ್ಲ. ಫ್ರಾನ್ಸ್ ಶರಣಾಗಿ, ಬ್ರಿಟನ್ನಿಗೆ ತನ್ನ ಅಗತ್ಯಕ್ಕೇ ವಿಮಾನ ಸಾಲದಾದಾಗ ಮನಸ್ಸು ಬದಲಾಯಿತು. ಜಾಗದ ಪ್ರಶ್ನೆ ಬಂದಾಗ ಕೈ ಚಾಚಿದ್ದು ಮೈಸೂರು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಸುಮಾರು 700 ಎಕರೆ ಜಾಗ ಒದಗಿಸಿದ್ದಲ್ಲದೆ ಸಂಸ್ಥಾನದ ಬಂಡವಾಳವನ್ನೂ ಹೂಡಿಸಿದರು. ಶಿವನಸಮುದ್ರದ ವಿದ್ಯುತ್, ಭದ್ರಾವತಿಯ ಉಕ್ಕು, ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು, ಕರಾವಳಿಯಿಂದ ದೂರವಿದ್ದು ಶತ್ರು ದಾಳಿಗೆ ಸುಲಭಕ್ಕೆ ಸಿಗದ ಸ್ಥಳ: ಬೆಂಗಳೂರಿಗೆ ಇಷ್ಟೆಲ್ಲ ಅನುಕೂಲವಿತ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರಲ್ಲಿ ಭಾರತ ಸರಕಾರವೂ ಪಾಲುದಾರನಾಯಿತು.

ಮೊದಲ ಹಾರ್ಲೋ ತರಬೇತಿ ವಿಮಾನ ಜೋಡಣೆಯಾಗಿ ಹಾರಿದ್ದು ಅದೇ ವರ್ಷ. 1942ರಲ್ಲಿ ಹಾಕ್ ಯುದ್ಧವಿಮಾನವೂ ಬೆಂಗಳೂರಿನ ಆಕಾಶಕ್ಕೇರಿತು. ಇವುಗಳ ವಿನ್ಯಾಸ, ಎಂಜಿನ್, ಮುಖ್ಯ ಭಾಗಗಳೆಲ್ಲ ಅಮೆರಿಕದಿಂದ ಬಂದವು ಎಂಬುದನ್ನು ಮರೆಯಬಾರದು. ಆದರೂ ಎರಡು ವರ್ಷದ ಹಿಂದೆ ಬಯಲಾಗಿದ್ದ ಜಾಗದಲ್ಲಿ ಯುದ್ಧವಿಮಾನ ಜೋಡಿಸುವಷ್ಟು ಕೌಶಲ ಬೆಳೆದದ್ದು ಸಣ್ಣ ಮಾತಲ್ಲ.

1942ರ ತಿರುವು

1942ರ ಏಪ್ರಿಲ್ ಮೊದಲ ವಾರ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ವಿಶಾಖಪಟ್ಟಣದಲ್ಲಿ ವಾಲ್‌ಚಂದ್ ಅವರ ಹಡಗು ಕಾರ್ಖಾನೆ ಆಗಷ್ಟೇ ಏಳುತ್ತಿತ್ತು. ಅದೇ ತಿಂಗಳು ಭಾರತ ಸರಕಾರ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ವಾಲ್‌ಚಂದ್ ಪಾಲಿಗೆ ಪರಿಹಾರ ಕೊಟ್ಟು ಅವರನ್ನು ಹೊರಗಿಡಲಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕ ವಾಯುಪಡೆಯ ಉಸ್ತುವಾರಿಗೆ ಹೋಯಿತು. ಹೊಸ ವಿಮಾನ ತಯಾರಿಕೆ ನಿಂತು, ದುರಸ್ತಿ ಶುರುವಾಯಿತು.

ಯುದ್ಧದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ತರ್ಕವಿತ್ತು. ಬರ್ಮಾ ರಣರಂಗಕ್ಕೆ ಬೇಕಾಗಿದ್ದದ್ದು ತಿಂಗಳಿಗೊಂದು ಹೊಸ ವಿಮಾನವಲ್ಲ, ಕೆಟ್ಟು ನಿಂತ ನೂರಾರು ವಿಮಾನಗಳನ್ನು ಮತ್ತೆ ಹಾರುವಂತೆ ಮಾಡುವ ಜಾಗ. ಬೆಂಗಳೂರು ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಡಕೋಟಾ, ಮಿಚೆಲ್ ಬಾಂಬರ್‌ಗಳು ಇಲ್ಲಿ ದುರಸ್ತಿಯಾದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ಇಂದು ನೊರೆಯಿಂದ ಸುದ್ದಿಯಾಗುವ ಅದೇ ಕೆರೆ.

ಆದರೆ ದೇಶದ ದೃಷ್ಟಿಯಿಂದ ಕಳೆದುಹೋದದ್ದು ದೊಡ್ಡದು. ತಯಾರಿಕೆ ಮುಂದುವರಿದಿದ್ದರೆ ಜೋಡಣೆಯಿಂದ ಬಿಡಿಭಾಗಕ್ಕೆ, ಬಿಡಿಭಾಗದಿಂದ ವಿನ್ಯಾಸಕ್ಕೆ, ಅಲ್ಲಿಂದ ಎಂಜಿನ್ನಿಗೆ ಹೆಜ್ಜೆ ಇಡಬಹುದಿತ್ತು. ಮೊದಲ ಮೆಟ್ಟಿಲಲ್ಲೇ ದಾರಿ ಬದಲಾಯಿತು. ಟಾಟಾ ಸಮೂಹದ ಪುಣೆ ಯೋಜನೆ, ವಾಲ್‌ಚಂದ್ ಅವರ ಬೆಂಗಳೂರು ಯೋಜನೆ ಎರಡಕ್ಕೂ ಬಂಡವಾಳ, ಛಲ ಮುಂಬೈಯದು. ಎರಡರ ಹಣೆಬರಹ ಬರೆದದ್ದು ಬೇರೆಯವರು.

ಬಂದರಿನಲ್ಲಿ ತೆತ್ತ ಬೆಲೆ

ಯುದ್ಧಸಾಮಗ್ರಿ ಸಮುದ್ರ ದಾಟಿ ಬರಬೇಕಾದಾಗ ಬಂದರು ನಗರ ತೆರಬೇಕಾದ ಬೆಲೆ ಏನೆಂಬುದು ಮುಂಬೈಗೆ ಗೊತ್ತಾದದ್ದು 1944ರ ಏಪ್ರಿಲ್ 14ರಂದು. ಇಂಫಾಲವನ್ನು ಜಪಾನಿ ಸೈನ್ಯ ಸುತ್ತುವರಿದಿದ್ದ ದಿನಗಳವು. ಅಲ್ಲಿನ ಸೈನಿಕರಿಗೆ ಅನ್ನ, ಮದ್ದುಗುಂಡು ಎಲ್ಲವೂ ಡಕೋಟಾ ವಿಮಾನಗಳಲ್ಲೇ ಹೋಗಬೇಕಿತ್ತು. ಅವುಗಳನ್ನು ಕಾಯಲು ಸ್ಪಿಟ್‌ಫೈರ್‌ಗಳು ಬೇಕಿದ್ದವು. ಸ್ಪಿಟ್‌ಫೈರ್‌ಗಳು ಬ್ರಿಟನ್‌ನಿಂದ ಹಡಗಿನಲ್ಲಿ ಬರಬೇಕಿತ್ತು.

ಫೆಬ್ರುವರಿ ಕೊನೆಯಲ್ಲಿ ಬ್ರಿಟನ್‌ನ ಬರ್ಕನ್‌ಹೆಡ್‌ನಿಂದ ಹೊರಟ ‘ಫೋರ್ಟ್ ಸ್ಟಿಕಿನ್’ ಹಡಗಿನ ಸರಕಿನಲ್ಲಿ ಪೆಟ್ಟಿಗೆಗಳಲ್ಲಿ ತುಂಬಿದ ಸ್ಪಿಟ್‌ಫೈರ್‌ಗಳು, ಚಿನ್ನದ ಗಟ್ಟಿಗಳು ಮತ್ತು ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಕರಾಚಿಯಲ್ಲಿ ಅದರ ಮೇಲೆ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಹೇರಲಾಯಿತು. ಬೆಂಕಿಗೆ ಇದಕ್ಕಿಂತ ಅನುಕೂಲವಾದ ಜೋಡಣೆ ಬೇರೆ ಬೇಕಿರಲಿಲ್ಲ. ಏಪ್ರಿಲ್ 12ರಂದು ಹಡಗು ಮುಂಬೈಯ ವಿಕ್ಟೋರಿಯಾ ಡಾಕ್‌ಗೆ ಬಂತು. 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿಕೊಂಡಿತು. ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಮೊದಲ ಸ್ಫೋಟ, ಅರ್ಧ ಗಂಟೆಯಲ್ಲಿ ಎರಡನೆಯದು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ಅದರ ಕಂಪನ ದಾಖಲಾಯಿತು.

ಸತ್ತವರು 700ಕ್ಕೂ ಹೆಚ್ಚು. ಕೆಲವು ಅಂದಾಜುಗಳ ಪ್ರಕಾರ 1,300ರಷ್ಟು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಮರಳಲಿಲ್ಲ. ಅವರ ನೆನಪಿಗಾಗಿಯೇ ಏಪ್ರಿಲ್ 14 ಇಂದಿಗೂ ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನ. ಜಪಾನಿ ವಿಮಾನಗಳು ಮುಂಬೈ ಮೇಲೆ ಒಂದೇ ಒಂದು ಬಾಂಬ್ ಹಾಕಲಿಲ್ಲ. ಆದರೂ ಯುದ್ಧದಲ್ಲಿ ಆ ಊರಿನ ಇಷ್ಟು ಜನ ಸತ್ತರು. ಜಪಾನ್ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ಈ ಸುದ್ದಿ ಬಿತ್ತರಿಸಿತು. ಸೆನ್ಸಾರ್ ಕಾರಣದಿಂದ ಇಲ್ಲಿನ ಪತ್ರಿಕೆಗಳು ಪೂರ್ತಿ ವರದಿ ಮಾಡಲು ಮೇ ತಿಂಗಳವರೆಗೆ ಕಾಯಬೇಕಾಯಿತು.

ಯುದ್ಧ ಬಿಟ್ಟುಹೋದ ಆಸ್ತಿ

ಯುದ್ಧ ಮುಗಿದಾಗ ಮುಂಬೈಗೆ ಉಳಿದದ್ದು ಸಾಂತಾಕ್ರೂಸ್. ಜುಹು ಮಳೆಗಾಲದಲ್ಲಿ ಕೆಸರಾಗುತ್ತಿದ್ದ ನಿಲ್ದಾಣ. ಸಾಂತಾಕ್ರೂಸ್‌ನಲ್ಲಿ ಬ್ರಿಟಿಷ್ ವಾಯುಪಡೆ ಬಳಸಿದ ದೊಡ್ಡ ನೆಲೆ ನಾಗರಿಕ ನಿಲ್ದಾಣವಾಗಿ ಬದಲಾಯಿತು. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ಲಂಡನ್ ವಿಮಾನ ಹೊರಟದ್ದು ಮುಂಬೈಯಿಂದಲೇ. ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣ ಬೆಳೆದದ್ದು ಅದೇ ನೆಲದಲ್ಲಿ. ಸುತ್ತ ಊರು ಬೆಳೆದು ವಿಸ್ತರಣೆಗೆ ಜಾಗ ಸಾಲದಾದ ಕಾರಣಕ್ಕೇ ನವಿ ಮುಂಬೈಯಲ್ಲಿ ಹೊಸ ನಿಲ್ದಾಣ ಕಟ್ಟಬೇಕಾಯಿತು. ಅದು ಉದ್ಘಾಟನೆಯಾದದ್ದು 2025ರ ಅಕ್ಟೋಬರ್ 8ರಂದು, ವಾಯುಪಡೆ ದಿನವೇ. ಡಿಸೆಂಬರ್ 25ರಿಂದ ಅಲ್ಲಿ ಪ್ರಯಾಣಿಕ ವಿಮಾನಗಳ ಸಂಚಾರ ಆರಂಭವಾಯಿತು.

ಬೆಂಗಳೂರಿಗೆ ಉಳಿದದ್ದು ದುರಸ್ತಿಯ ಕೈಚಳಕ. ಅಮೆರಿಕನ್ನರು ಬಿಟ್ಟುಹೋದ ಡಕೋಟಾಗಳು ಇಲ್ಲಿ ಪ್ರಯಾಣಿಕ ವಿಮಾನಗಳಾದವು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಸಾಗಿಸಿದ್ದು ವಾಯುಪಡೆಯ ಹಾಗೂ ಖಾಸಗಿ ಸಂಸ್ಥೆಗಳ ಡಕೋಟಾಗಳೇ. ಕಾನ್ಪುರದಲ್ಲಿ ಬ್ರಿಟಿಷರು ಗುಜರಿ ಮಾಡಿ ಬಿಟ್ಟಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಲಾಯಿತು. ಅವು 1968ರ ತನಕ ಸೇವೆಯಲ್ಲಿದ್ದವು.

ಎಂಜಿನ್ನಲ್ಲೇ ನಿಂತ ಗಾಡಿ

ಸ್ವಂತ ಯುದ್ಧವಿಮಾನದ ಕನಸು ಮತ್ತೆ ಚಿಗುರಿದ್ದು 1956ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕ-ವುಲ್ಫ್ 190 ವಿಮಾನ ವಿನ್ಯಾಸ ಮಾಡಿಕೊಟ್ಟಿದ್ದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತ್ 1961ರ ಜೂನ್ 17ರಂದು ಹಾರಿತು. ಶಬ್ದದ ವೇಗವನ್ನು ಚೆನ್ನಾಗಿಯೇ ಮೀರಬಲ್ಲ ವಿನ್ಯಾಸ ಅದು. ಆದರೆ ಅದಕ್ಕೆ ಬೇಕಾದ ಹೆಚ್ಚು ಶಕ್ತಿಯ ಬ್ರಿಟಿಷ್ ಎಂಜಿನ್ ಕೊನೆಗೂ ಸಿಗಲಿಲ್ಲ. ಈಜಿಪ್ಟ್ ಜತೆ ಸೇರಿ ನಡೆಸಿದ ಪ್ರಯತ್ನವೂ ಫಲಿಸಲಿಲ್ಲ. ಕಡಿಮೆ ಶಕ್ತಿಯ ಎಂಜಿನ್‌ನಲ್ಲೇ ಮಾರುತ್ 1971ರ ಯುದ್ಧದಲ್ಲಿ ಭಾಗವಹಿಸಿ, ಅಂದುಕೊಂಡ ಎತ್ತರ ಮುಟ್ಟದೆ ನಿವೃತ್ತಿಯಾಯಿತು.

1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಯೋಜನೆಯ ಕಥೆಯೂ ಬೇರೆಯಲ್ಲ. ತೇಜಸ್‌ಗಾಗಿ ಶುರುವಾದ ಅದು ಬೇಕಾದ ಒತ್ತುಬಲ ಕೊಡಲಾಗದೆ 2008ರಲ್ಲಿ ತೇಜಸ್‌ನಿಂದ ಬೇರ್ಪಟ್ಟಿತು. ಜೆಟ್ ಎಂಜಿನ್ನಿನ ಒಳಗೆ ಲೋಹ ಕರಗುವಷ್ಟು ಬಿಸಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡ್‌ಗಳಿರುತ್ತವೆ. ಆ ಲೋಹದ ಗುಟ್ಟನ್ನು ಯಾವ ದೇಶವೂ ಮಾರುವುದಿಲ್ಲ. ದಶಕಗಳ ಕಾಲ ಸೋತು ಸೋತು ಕಲಿಯಬೇಕಾದ ವಿದ್ಯೆ ಅದು. ಪರೀಕ್ಷಾ ಸೌಲಭ್ಯಕ್ಕೂ ಕಾವೇರಿ ರಷ್ಯಾಕ್ಕೆ ಹೋಗಬೇಕಾಯಿತು.

ತೇಜಸ್ ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲ ಎಂಬುದೂ ನಿಜ. 2021ರಲ್ಲಿ ಆರ್ಡರ್ ಕೊಟ್ಟ 83 ವಿಮಾನಗಳಲ್ಲಿ ಮೊದಲನೆಯದು 2024ರ ಆರಂಭದಲ್ಲೇ ಸಿಗಬೇಕಿತ್ತು. ರಾಡಾರ್, ಶಸ್ತ್ರಾಸ್ತ್ರ, ಸಾಫ್ಟ್‌ವೇರ್ ಜೋಡಣೆಯ ಕೆಲಸವೂ ಹಿಂದೆ ಬಿದ್ದಿದೆ. ಆದರೆ ಇವು ಎಚ್‌ಎಎಲ್ ಮತ್ತು ಇಲ್ಲಿನ ಪ್ರಯೋಗಾಲಯಗಳು ದುಡಿದು ಸರಿಪಡಿಸಬಹುದಾದ ಸಂಗತಿಗಳು. ಇನ್ನೊಂದು ದೇಶದ ಕಾರ್ಖಾನೆಯ ಸರದಿ ಸಾಲನ್ನು ಬೆಂಗಳೂರಿನಲ್ಲಿ ಕುಳಿತು ಮುಂದೆ ಸರಿಸಲಾಗದು.

ಮತ್ತೆ ಮುಂಬೈ ಕಡೆಗೆ

ಈ ಬಾರಿ ಪರಿಸ್ಥಿತಿ ಒಂದು ವಿಷಯದಲ್ಲಿ ಭಿನ್ನ. 1942ರಲ್ಲಿ ಖಾಸಗಿ ಉದ್ಯಮವನ್ನು ಹೊರಗಿಟ್ಟ ಕ್ಷೇತ್ರಕ್ಕೆ ಅದನ್ನು ಮತ್ತೆ ಕರೆಯಲಾಗುತ್ತಿದೆ. ಮುಂಬೈಯ ವಿಖ್ರೋಲಿಯಲ್ಲಿರುವ ಗೋದ್ರೆಜ್ ಕಾರ್ಖಾನೆ ದಶಕಗಳಿಂದ ಇಸ್ರೊಗೆ ವಿಕಾಸ್ ರಾಕೆಟ್ ಎಂಜಿನ್ ತಯಾರಿಸಿಕೊಡುತ್ತಿದೆ. ಕಾವೇರಿಯಿಂದ ರೂಪುಗೊಂಡ ಹೊಸ ಎಂಜಿನ್‌ನ ಭಾಗಗಳ ತಯಾರಿಕೆಯಲ್ಲೂ ಅದಕ್ಕೆ ಪಾಲಿದೆ. ಪುಣೆಯಲ್ಲಿ ಅಂದು ಕೈಗೂಡದ ಟಾಟಾ ಕನಸು, 2024ರಲ್ಲಿ ವಡೋದರದಲ್ಲಿ ಏರ್‌ಬಸ್ ಜತೆಗಿನ ಸಿ-295 ಸಾರಿಗೆ ವಿಮಾನ ಕಾರ್ಖಾನೆಯಾಗಿ ನನಸಾಯಿತು. ಮುಂದಿನ ತಲೆಮಾರಿನ ಎಎಂಸಿಎ ಯುದ್ಧವಿಮಾನ ಯೋಜನೆಯಲ್ಲಿ ಖಾಸಗಿ ಕಂಪನಿಗಳೂ ಸ್ಪರ್ಧಿಸಬಹುದು ಎಂದು 2025ರ ಮೇ ತಿಂಗಳಲ್ಲಿ ಸರಕಾರ ತೀರ್ಮಾನಿಸಿದೆ. ಅದರ ಎಂಜಿನ್ ಅನ್ನು ಫ್ರೆಂಚ್ ಕಂಪನಿ ಜತೆ ಸೇರಿ ಭಾರತದಲ್ಲೇ ಅಭಿವೃದ್ಧಿಪಡಿಸುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಘೋಷಿಸಿದ್ದಾರೆ.

ಪ್ರಶ್ನೆ ಇರುವುದು ಒಪ್ಪಂದದ ವಿವರದಲ್ಲಿ. ಬಿಡಿಭಾಗ ತಂದು ಜೋಡಿಸುವ ಕೆಲಸ ಬೆಂಗಳೂರಿಗೆ 1941ರಿಂದಲೇ ಗೊತ್ತು. ಬ್ಲೇಡಿನ ಲೋಹ, ಅದನ್ನು ಎರಕ ಹೊಯ್ಯುವ ವಿಧಾನ, ವಿನ್ಯಾಸದ ಹಕ್ಕು ಇವು ಭಾರತದ ಕೈಯಲ್ಲಿ ಉಳಿಯುತ್ತವೆಯೇ ಎಂಬುದರ ಮೇಲೆ ಹೊಸ ಯೋಜನೆಯ ಬೆಲೆ ಕಟ್ಟಬೇಕು. ಅದಕ್ಕೆ ಬೇಕಾದ ಪರೀಕ್ಷಾ ಕೇಂದ್ರಗಳಿಗೆ ಹಣ, ಸೋತರೂ ಕೈಬಿಡದ ತಾಳ್ಮೆ ಎರಡೂ ಸರಕಾರದಿಂದ ಬರಬೇಕು.

ಯುದ್ಧ ಬಂದ ಮೇಲೆ ಕಾರ್ಖಾನೆ ಕಟ್ಟಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ 1940ರ ದಶಕದ ಮುಂಬೈ, ಬೆಂಗಳೂರುಗಳೇ ಸಾಕ್ಷಿ. ಅಂದು ನಿರ್ಧಾರ ಪರರ ಕೈಯಲ್ಲಿತ್ತು ಎಂಬ ಸಮಜಾಯಿಷಿಯಾದರೂ ಇತ್ತು. 2032ರ ವೇಳೆಗೆ 113 ಎಂಜಿನ್‌ಗಳೂ ಬಂದು ಸೇರಿದಾಗ, ಮುಂದಿನ ಕಂತಿಗೆ ಮತ್ತೆ ಅದೇ ಬಾಗಿಲು ತಟ್ಟಬೇಕಾದರೆ ಆ ಸಮಜಾಯಿಷಿ ಯಾರಿಗೂ ಉಳಿದಿರುವುದಿಲ್ಲ.